ಅಪ್ಪನ ಭಜನೆ ಹಿಡಿದುಕೊಂಡು ಸ್ಪೀಕರ್ ಕೊಳ್ಳಲು ಹೋದೆ

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಹಾಡು ಕೇಳುವ ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಮೇಲೆ ಸ್ಲ್ಯಾಬು, ಕೆಳಗೆ ಕಲ್ಲು, ಸುತ್ತ ಬೋಳು ಗೋಡೆ. ನಡುವೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಗುಂಯ್ ಅನ್ನುತ್ತಿತ್ತು. 40 ವ್ಯಾಟಿನ ಹಳೆ ಆಂಪ್ಲಿಫೈಯರ್ ಗಟ್ಟಿಮುಟ್ಟಾಗಿತ್ತು, ಆದರೆ ಸ್ಪೀಕರಿನ ವೂಫರ್, ಅಂದರೆ ದಪ್ಪ ಸದ್ದು ಕೊಡುವ ದೊಡ್ಡ ಕೋನು, ಅದರ ಸುತ್ತಲಿನ ಫೋಮು ಪುಡಿಪುಡಿಯಾಗಿ ಉದುರಿ, ಹಾಡು ಶುರುವಾದರೆ ಸಾಕು ಬರ್ ಬರ್ ಅಂತಿತ್ತು. ಹೊಸ ಜೋಡಿಗೆ 30,000 ರೂಪಾಯಿ ಎತ್ತಿಟ್ಟೆ. ಬಹಳ ಬೇಕಾದರೆ ಒಂದೆರಡು ಸಾವಿರ ಹೆಚ್ಚು, ಅಷ್ಟೇ.

ಮೊದಲು ನಾಲ್ಕಡಿ ಎತ್ತರದ ಟವರ್ ಸ್ಪೀಕರ್ ಕಡೆ ಮನಸ್ಸು ಎಳೆದಿತ್ತು. ಟೇಪು ಹಿಡಿದು ಕೋಣೆ ಅಳೆದ ಮೇಲೆ ಬಿಟ್ಟೆ. ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸಿನ ಬಾಸ್, ಅಂದರೆ ಸೆಕೆಂಡಿಗೆ 47 ಸಲ ಕಂಪಿಸುವ ದಪ್ಪ ಸದ್ದು, ಎರಡು ಗೋಡೆಗಳ ನಡುವೆ ಸಿಕ್ಕಿಹಾಕಿಕೊಂಡು ಉಬ್ಬುತ್ತದೆ. ಗೋಡೆ ಪಕ್ಕ ಕೂತವರಿಗೆ ಬರೀ ಗುಮ್ಮ್ ಕೇಳುತ್ತದೆ, ಕೋಣೆಯ ನಟ್ಟನಡುವೆ ಕೂತರೆ ಅದೇ ಬಾಸ್ ಮಾಯ. ಇಂಥ ಕೋಣೆಗೆ ದೊಡ್ಡ ವೂಫರ್ ತಂದರೆ ರೋಗಕ್ಕೆ ಹಾಲೆರೆದ ಹಾಗೆ. ಐದೂಕಾಲು ಇಂಚಿನ ವೂಫರ್ ಇರುವ ಚಿಕ್ಕ ಬುಕ್‌ಶೆಲ್ಫ್ ಸ್ಪೀಕರೇ ಸರಿ ಅಂತ ಗಟ್ಟಿ ಮಾಡಿದೆ.

ಇನ್ನೊಂದು ತೊಡಕು ಬಾಗಿಲಿನದು. ಓಡಾಡಲು ಜಾಗ ಬೇಕು, ಹಾಗಾಗಿ ಸ್ಪೀಕರಿನ ಬೆನ್ನನ್ನು ಗೋಡೆಯಿಂದ ಅರ್ಧ ಅಡಿಗಿಂತ ಆಚೆ ತರಲು ಬರುವುದಿಲ್ಲ. ಬಹಳಷ್ಟು ಸ್ಪೀಕರ್‌ಗಳಿಗೆ ಗಾಳಿ ಬಿಡುವ ತೂತು, ಅಂದರೆ ಪೋರ್ಟ್, ಹಿಂದೆಯೇ ಇರುತ್ತದೆ. ಅದನ್ನು ಗೋಡೆಗೆ ಒತ್ತಿ ಇಟ್ಟರೆ ಬಾಸ್ ಊದಿಕೊಳ್ಳುತ್ತದೆ. ಕೆಇಎಫ್ ಕ್ಯೂ150 ಅನ್ನುವ ಸ್ಪೀಕರ್ ನನಗೆ ತುಂಬ ಹಿಡಿಸಿತ್ತು, ಅದರ ಟ್ವೀಟರ್, ಅಂದರೆ ಏರು ಸದ್ದು ಕೊಡುವ ಪುಟ್ಟ ಭಾಗ, ವೂಫರಿನ ನಟ್ಟನಡುವೆಯೇ ಕೂತಿರುತ್ತದೆ. ಆದರೆ ಪೋರ್ಟ್ ಹಿಂದೆ, ನನ್ನ ಗೋಡೆಗೆ ಒಗ್ಗುವುದಿಲ್ಲ. ಎಲಾಕ್ ಡೆಬ್ಯೂ ಬಿ5.2ಕ್ಕೆ ಪೋರ್ಟ್ ಮುಂದೆ ಇದೆ, ಅದು ಪಟ್ಟಿಯಲ್ಲಿ ಉಳಿಯಿತು.

ನಮ್ಮೂರಲ್ಲಿ ಇವನ್ನೆಲ್ಲ ಕೂತು ಕೇಳುವ ಅಂಗಡಿ ನನಗೆ ಸಿಗಲಿಲ್ಲ. ಅಪ್ಪನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋದೆ. ಅಪ್ಪ ಸೋಮವಾರದ ಭಜನೆಯಲ್ಲಿ ಹಾಡುತ್ತಾರೆ. ಹಿಂದಿನ ವಾರ ಅವರೊಬ್ಬರನ್ನೇ ಕೂರಿಸಿ, ತಂಬೂರಿ ತಾಳ ಏನೂ ಇಲ್ಲದೆ, ಒಂದು ತತ್ವಪದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅಂಗಡಿಯವರು ಹಾಕುವ ಹಾಡು ಯಾವ ಸ್ಪೀಕರಿನಲ್ಲೂ ಚಂದ ಕೇಳುತ್ತದೆ, ಯಾಕೆಂದರೆ ಆ ಗಾಯಕರನ್ನು ನಾವು ಎದುರಿಗೆ ಕೂತು ಕೇಳಿರುವುದಿಲ್ಲ. ಅಪ್ಪನ ಧ್ವನಿ ನನಗೆ ಹುಟ್ಟಿದಾಗಿನಿಂದ ಗೊತ್ತು.

ಮೊದಲ ಜೋಡಿಯಲ್ಲಿ ಆ ಪದ ಹಾಕಿಸಿದೆ. ಅಪ್ಪ ಎರಡು ಸಾಲು ಕೇಳಿ ತಲೆ ಅಲ್ಲಾಡಿಸಿದರು. "ಇದು ನನ್ನ ದನಿ ಅಲ್ಲೋ ತಮ್ಮಾ. ಯಾರೋ ಕೊಡದಾಗ ಬಾಯಿಟ್ಟು ಹಾಡಿದಂಗ ಐತಿ" ಅಂದರು. ಎರಡನೆಯದರಲ್ಲಿ 'ಶಿವ' ಅಂದಾಗೆಲ್ಲ 'ಶ' ಹಾವು ಬುಸುಗುಟ್ಟಿದ ಹಾಗೆ ಕಿವಿಗೆ ಚುಚ್ಚುತ್ತಿತ್ತು. ಎಲಾಕಿನಲ್ಲಿ ಅಪ್ಪ ಸುಮ್ಮನೆ ಕಣ್ಣು ಮುಚ್ಚಿ ಕೂತರು. ಚರಣದ ಕೊನೆಗೆ ಅವರು ಉಸಿರು ಎಳೆದುಕೊಳ್ಳುವ ಸಣ್ಣ ಸದ್ದು ಇದೆ, ಅದೂ ಕೇಳಿಸಿತು.

ಇಲ್ಲಿ ಒಂದು ಎಚ್ಚರ ಬೇಕು. ಒಂದು ಜೋಡಿಯಿಂದ ಇನ್ನೊಂದಕ್ಕೆ ಬದಲಿಸಿದಾಗ ವಾಲ್ಯೂಮ್ ಗುಂಡಿ ಅಲ್ಲೇ ಇದ್ದರೂ ಸದ್ದು ಜಾಸ್ತಿ ಆಗಬಹುದು, ಯಾಕೆಂದರೆ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವಿದ್ಯುತ್ತಿಗೆ ಎಷ್ಟು ಜೋರು ಸದ್ದು ಕೊಡುತ್ತದೆ ಅನ್ನುವುದು, ಒಂದೊಂದಕ್ಕೆ ಒಂದೊಂದು. 86 ಡೆಸಿಬಲ್‌ನದು ಕೊಡುವ ಸದ್ದನ್ನು 89ರದ್ದು ಅರ್ಧ ವ್ಯಾಟಿನಲ್ಲೇ ಕೊಡುತ್ತದೆ. ಜೋರು ಇರುವುದೇ ಚೆನ್ನಾಗಿದೆ ಅಂತ ಕಿವಿ ಮೋಸಹೋಗುತ್ತದೆ. ನಾನು ಫೋನಿನ ಸೌಂಡ್ ಮೀಟರ್ ಹಚ್ಚಿಟ್ಟು, ಪ್ರತಿ ಸಲ ವಾಲ್ಯೂಮ್ ಸರಿಮಾಡಿಸಿ ಕೇಳಿದೆ. ಕೇಳಲು ನಾಚಿಕೆ ಪಡಬೇಡಿ. ದುಡ್ಡು ನಮ್ಮದು ಅಲ್ವಾ?

ಎಲಾಕ್ ಬಿ5.2ರ ಸೆನ್ಸಿಟಿವಿಟಿ 86 ಡೆಸಿಬಲ್, ವಿದ್ಯುತ್ತಿಗೆ ಅದು ಒಡ್ಡುವ ತಡೆ 6 ಓಮ್. 40 ವ್ಯಾಟು ಸಾಲುತ್ತದೋ ಇಲ್ಲವೋ ಅಂತ ಹೆದರಿದ್ದೆ. ಮನೆಯಲ್ಲಿ ಎಂಟಡಿ ದೂರದಿಂದ 70–75 ಡೆಸಿಬಲ್‌ನಲ್ಲಿ ಕೇಳುತ್ತೇವೆ, ಅದಕ್ಕೆ ಸರಾಸರಿ ಒಂದು ವ್ಯಾಟೂ ಬೇಡ. ತಬಲಾದ ಪೆಟ್ಟು ಬಿದ್ದ ಕ್ಷಣಕ್ಕೆ ಹೆಚ್ಚು ಬೇಕಾಗುತ್ತದೆ, ಅಷ್ಟು ಆಂಪಿನಲ್ಲಿದೆ.

ಸ್ಟ್ಯಾಂಡಿಗೆ ಬೇರೆ ದುಡ್ಡು ಸುರಿಯಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನಿಂದ ಮಾಡಿಸಿ, ಒಳಗೆ ಒಣ ಮರಳು ತುಂಬಿ, ಕೆಳಗೆ ಇಳಕಲ್ಲಿನ ಕೆಂಪು ಗ್ರಾನೈಟ್ ತುಂಡು ಕೊಟ್ಟೆ. ಎಲ್ಲರೂ 24 ಇಂಚು ಎತ್ತರ ಅನ್ನುತ್ತಾರೆ, ಅದು ಕುರ್ಚಿಯಲ್ಲಿ ಕೂರುವವರ ಲೆಕ್ಕ. ನಾವು ಜಮಖಾನೆ ಹಾಸಿ ನೆಲಕ್ಕೆ ಕೂರುವವರು. ಟ್ವೀಟರ್ ಕಿವಿಯ ಮಟ್ಟಕ್ಕೆ ಬರಬೇಕು, ಹಾಗಾಗಿ 18 ಇಂಚಿಗೆ ಕಟ್ ಮಾಡಿಸಿದೆ.

ತಂದು ಜೋಡಿಸಿದ ದಿನ ಮಾತ್ರ ಎದೆ ಧಸಕ್ಕೆಂದಿತು. ಹುಬ್ಬಳ್ಳಿಯಲ್ಲಿ ಕೇಳಿದ ಅಪ್ಪನ ಧ್ವನಿ ಇಲ್ಲಿ ಬಾವಿಯೊಳಗಿಂದ ಬಂದ ಹಾಗಿತ್ತು. ತಪ್ಪು ಕೋಣೆಯದು. ಅವ್ವನ ದಪ್ಪ ಕೌದಿಯನ್ನು ನಮ್ಮ ಬೆನ್ನ ಹಿಂದಿನ ಗೋಡೆಗೆ ತೂಗುಹಾಕಿದೆ, ಜಮಖಾನೆಯನ್ನು ಸ್ಪೀಕರ್‌ವರೆಗೆ ಎಳೆದೆ, ಕೂರುವ ಜಾಗವನ್ನು ಗೋಡೆಯಿಂದ ಎರಡಡಿ ಮುಂದೆ ತಂದೆ. ಆಮೇಲೆ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಹಳೆಯ 78 ಆರ್‌ಪಿಎಂ ತಟ್ಟೆಯ ರೆಕಾರ್ಡಿಂಗ್ ಹಾಕಿದೆ. ಅದು ಮೋನೋ, ಎರಡೂ ಕಡೆ ಒಂದೇ ಸದ್ದು. ಹಾಗಾಗಿ ಧ್ವನಿ ಎರಡು ಸ್ಪೀಕರುಗಳ ನಟ್ಟನಡುವಿನ ಖಾಲಿ ಜಾಗದಿಂದ ಬರಬೇಕು. ಮೊದಲು ಎಡಕ್ಕೆ ವಾಲಿತ್ತು. ಬಲಗಡೆಯದನ್ನು ಒಂದೊಂದೇ ಬೆರಳಿನಷ್ಟು ಸರಿಸುತ್ತ ಹೋದೆ, ನಾಲ್ಕನೆಯ ಸಲಕ್ಕೆ ಖಾನ್ ಸಾಹೇಬರು ನಡುವೆ ಬಂದು ಕೂತರು. ನನಗೆ ಮೈ ಜುಂ ಅಂದಿತು.

ಅವ್ವ ಧೂಳಿಗೆ ಹೆದರಿ ಎರಡಕ್ಕೂ ಗುಳೇದಗುಡ್ಡದ ಖಣ ಹೊದಿಸಿದ್ದಳು. ನೋಡಲು ಬಲು ಚಂದ, ಆದರೆ ಒತ್ತು ನೇಯ್ಗೆಯ ಬಟ್ಟೆ ತಾಳದ ಝಣಝಣವನ್ನೆಲ್ಲ ನುಂಗಿಬಿಟ್ಟಿತು. ಈಗ ಕೇಳುವಾಗ ತೆಗೆಯುವುದು, ಮುಗಿದ ಮೇಲೆ ಹೊದಿಸುವುದು ಅಂತ ಮಾತಾಗಿದೆ. ಚಳಿ ಶುರುವಾದರೆ ಗೋಡೆಯ ಕೌದಿ ಹೊದೆಯಲಿಕ್ಕೆ ಬೇಕಂತೆ, ಅದಕ್ಕೆ ಇನ್ನೊಂದು ಹೊಲಿಸಲು ಹಳೆ ಸೀರೆಗಳನ್ನು ಕೊಟ್ಟು ಬಂದಿದ್ದೇನೆ.