ಎಷ್ಟು ಜನರಿಗೆ ಕಿವಿ ಕೇಳಿಸುವುದಿಲ್ಲ? ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗಿ ಬರೆಯುವುದು ಹೀಗೆ

ಸಂಘ ಸಂಸ್ಥೆಗಳು ದಾನಿಗಳಿಗೆ, ಇಲಾಖೆಗಳಿಗೆ ಕಳಿಸುವ ಇಂಗ್ಲಿಷ್ ಅರ್ಜಿಗಳಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತದೆ: ‘ಮೆನಿ ಪೀಪಲ್ ಆರ್ ಸಫರಿಂಗ್ ಫ್ರಮ್ ಡೆಫ್‌ನೆಸ್’. ವ್ಯಾಕರಣ ಸರಿ ಇದೆ. ಆದರೆ ಎಷ್ಟು ಜನ, ಎಲ್ಲಿಯವರು, ಯಾವ ವರ್ಷದ ಲೆಕ್ಕ, ಒಂದೂ ಗೊತ್ತಾಗುವುದಿಲ್ಲ. ಶ್ರವಣಯಂತ್ರಕ್ಕೋ ತಪಾಸಣಾ ಶಿಬಿರಕ್ಕೋ ಹಣ ಕೇಳುವಾಗ ಈ ಸಾಲು ಗಟ್ಟಿಯಾಗಿರಲೇಬೇಕು. ಹಾಗೆ ಬರೆಯುವುದು ಹೇಗೆ ಅಂತ ನೋಡೋಣ. ದೃಷ್ಟಿದೋಷ, ಮೂರ್ಛೆರೋಗ, ಬೆನ್ನುನೋವಿಗೂ ಇದೇ ದಾರಿ.

ಮೊದಲು, ಯಾರನ್ನು ಎಣಿಸಿದ್ದಾರೆ ಎಂದು ತಿಳಿದುಕೊಳ್ಳಿ. ಜಾಸ್ತಿ ಎಡವಟ್ಟಾಗುವುದು ಇಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಸ್ವಲ್ಪವಾದರೂ ಶ್ರವಣದೋಷ ಇದೆ. ಅದೇ ಸಂಸ್ಥೆ 43 ಕೋಟಿ ಎಂದೂ ಹೇಳುತ್ತದೆ. ಎರಡೂ ಸರಿಯೇ. 43 ಕೋಟಿ ಎನ್ನುವುದು ‘ಡಿಸೇಬ್ಲಿಂಗ್ ಹಿಯರಿಂಗ್ ಲಾಸ್’ ಇರುವವರ ಲೆಕ್ಕ. ಅಂದರೆ ಎರಡು ಕಿವಿಗಳಲ್ಲಿ ಹೆಚ್ಚು ಚೆನ್ನಾಗಿ ಕೇಳಿಸುವ ಕಿವಿಯಲ್ಲೂ 35 ಡೆಸಿಬೆಲ್‌ಗಿಂತ (ಶಬ್ದದ ಜೋರನ್ನು ಅಳೆಯುವ ಮಾನ) ಹೆಚ್ಚು ದೋಷ ಇರುವವರು. ಆ ‘ಡಿಸೇಬ್ಲಿಂಗ್’ ಎಂಬ ಒಂದು ಪದ ಬಿಟ್ಟುಹೋದರೆ ನಿಮ್ಮ ವಾಕ್ಯದ ಅರ್ಥವೇ ಬದಲಾಗುತ್ತದೆ.

ನಮ್ಮ ದೇಶದ ಅಂಕಿಗಳಲ್ಲಿ ಅಂತರ ಇನ್ನೂ ದೊಡ್ಡದು. 2011ರ ಜನಗಣತಿಯಲ್ಲಿ ಶ್ರವಣದೋಷ ಇರುವವರು 50,71,007. ಕಿವುಡುತನ ತಡೆಯುವ ಕೇಂದ್ರ ಸರ್ಕಾರದ ಕಾರ್ಯಕ್ರಮದ ದಾಖಲೆಗಳು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜೆಂದು ಕೊಡುವ ಅಂಕಿ ಸುಮಾರು 6.3 ಕೋಟಿ! ಜನಗಣತಿಯವರು ಯಂತ್ರ ಇಟ್ಟು ಕಿವಿ ಪರೀಕ್ಷಿಸುವುದಿಲ್ಲ, ಮನೆಯವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಅಜ್ಜನಿಗೆ ಕಿವಿ ಮಂದವಾದರೆ ‘ವಯಸ್ಸಾಯ್ತು ಬಿಡಿ’ ಅನ್ನುವ ಮನೆಗಳೇ ಹೆಚ್ಚು ಅಲ್ವಾ? ಹಾಗಾಗಿ ಈ ಎರಡು ಅಂಕಿಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಯಾವುದನ್ನು ಬಳಸಿದರೂ ಅದು ಎಲ್ಲಿಂದ ಬಂತು, ಯಾವಾಗಿನದು ಎಂಬುದು ಅಲ್ಲೇ ಇರಲಿ.

ಈಗ ವಾಕ್ಯ ಕಟ್ಟೋಣ. ‘ಇನ್ ದ 2011 ಸೆನ್ಸಸ್, ಅಬೌಟ್ 51 ಲ್ಯಾಕ್ ಪೀಪಲ್ ಇನ್ ಇಂಡಿಯಾ ವರ್ ರಿಪೋರ್ಟೆಡ್ ಟು ಹ್ಯಾವ್ ಎ ಹಿಯರಿಂಗ್ ಡಿಸಬಿಲಿಟಿ, ಆರ್ ಅಬೌಟ್ 4 ಇನ್ ಎವ್ರಿ 1,000.’ ಇದರಲ್ಲಿ ‘ರಿಪೋರ್ಟೆಡ್’ ಎಂಬ ಪದ ಮುಖ್ಯ. ಇದು ಮನೆಯವರು ಹೇಳಿದ ಲೆಕ್ಕ ಎಂಬುದನ್ನು ಅದು ಪ್ರಾಮಾಣಿಕವಾಗಿ ತಿಳಿಸುತ್ತದೆ.

ಎರಡು ಗುಂಪುಗಳನ್ನು ಹೋಲಿಸುವಾಗ ‘ಇಷ್ಟು ಜನರಲ್ಲಿ’ ಎಂದು ಹೇಳುವ ಸಂಖ್ಯೆ ಎರಡರಲ್ಲೂ ಒಂದೇ ಇರಲಿ. ಒಂದೂರಲ್ಲಿ ‘1 ಇನ್ 25’, ಇನ್ನೊಂದೂರಲ್ಲಿ ‘1 ಇನ್ 40’ ಎಂದು ಬರೆದರೆ, 40 ದೊಡ್ಡದು ಅಂತ ಓದುಗರು ಎರಡನೇ ಊರಲ್ಲೇ ಸಮಸ್ಯೆ ಜಾಸ್ತಿ ಅಂದುಕೊಳ್ಳುತ್ತಾರೆ. ‘40 ಇನ್ 1,000’, ‘25 ಇನ್ 1,000’ ಎಂದು ಬರೆದರೆ ಗೊಂದಲವೇ ಇಲ್ಲ. ‘ವೆರಿ ಕಾಮನ್’, ‘ರೇರ್’ ಎಂದು ಸುಮ್ನೆ ಬರೆದು ಬಿಡಬೇಡಿ. ಪಕ್ಕದಲ್ಲಿ ಸಂಖ್ಯೆ ಕೊಡಿ.

ಈಗಾಗಲೇ ತೊಂದರೆ ಇರುವವರು ಬೇರೆ, ವರ್ಷಕ್ಕೆ ಹೊಸದಾಗಿ ಸೇರುವವರು ಬೇರೆ. ಮೊದಲನೆಯವರಿಗೆ ‘ಹ್ಯಾವ್’, ಎರಡನೆಯವರಿಗೆ ‘ಡೆವಲಪ್ ಈಚ್ ಇಯರ್’. ವಯಸ್ಸನ್ನೂ ಹೇಳಿ. 60 ದಾಟಿದವರಲ್ಲಿ ಶೇ 25ಕ್ಕಿಂತ ಹೆಚ್ಚು ಮಂದಿಗೆ ‘ಡಿಸೇಬ್ಲಿಂಗ್’ ಮಟ್ಟದ ದೋಷವಿದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ಅದು ಶೇ 5ರ ಆಸುಪಾಸಿಗೆ ಇಳಿಯುತ್ತದೆ. ವೃದ್ಧಾಶ್ರಮದ ಶಿಬಿರಕ್ಕೆ ಅರ್ಜಿ ಹಾಕುವವರಿಗೆ ಬೇಕಾದದ್ದು ಮೊದಲ ಅಂಕಿ.

ಜನರನ್ನು ಕರೆಯುವ ರೀತಿ ಅಂಕಿಯಷ್ಟೇ ಮುಖ್ಯ. ‘ಸಫರಿಂಗ್ ಫ್ರಮ್’, ‘ವಿಕ್ಟಿಮ್ಸ್ ಆಫ್’ ತೆಗೆದುಹಾಕಿ. ‘ಡೆಫ್ ಅಂಡ್ ಡಂಬ್’ ಅಂತೂ ಬೇಡವೇ ಬೇಡ, ಅದು ಅವಮಾನ. ‘ಪೀಪಲ್ ವಿತ್ ಹಿಯರಿಂಗ್ ಲಾಸ್’ ಎಂದರೆ ಸಾಕು. ಸನ್ನೆ ಭಾಷೆಯಲ್ಲಿ ಮಾತಾಡುವ ಅನೇಕರು ‘ಡೆಫ್ ಪೀಪಲ್’ ಎಂದೇ ಗುರುತಿಸಿಕೊಳ್ಳಲು ಇಷ್ಟಪಡುತ್ತಾರೆ. ಅವರ ಬಗ್ಗೆ ಬರೆಯುವಾಗ ಅವರನ್ನೇ ಕೇಳಿ.

ಕಳಿಸುವ ಮುನ್ನ, ಓದುವವರು ಯಾರು ಎಂದು ನೋಡಿಕೊಳ್ಳಿ. ವಿದೇಶದ ದಾನಿಗೆ ಲಕ್ಷ, ಕೋಟಿ ತಿಳಿಯುವುದಿಲ್ಲ. 51 ಲಕ್ಷವನ್ನು ‘5.1 ಮಿಲಿಯನ್’ ಎಂದೂ 43 ಕೋಟಿಯನ್ನು ‘430 ಮಿಲಿಯನ್’ ಎಂದೂ ಬದಲಿಸಿ. ಸೊನ್ನೆಗಳನ್ನು ಇನ್ನೊಬ್ಬರ ಕೈಲಿ ಎಣಿಸಿಸಿ.