ಕಾರ್ಡ್ ಬೇಡ, ಸ್ಟಿಕ್ಕರ್ ಅಂಟಿಸಿ ಬನ್ನಿ

ಗೀಸರ್, ಎ.ಸಿ., ವಾಟರ್ ಫಿಲ್ಟರ್, ನಲ್ಲಿ ರಿಪೇರಿ ಮಾಡುವವರಿಗೆ ಒಂದು ಸಲಹೆ: ಕೆಲಸ ಮುಗಿಸಿ ಹೊರಡುವಾಗ ವಿಸಿಟಿಂಗ್ ಕಾರ್ಡ್ ಕೊಡುವ ಬದಲು, ಮನೆಯವರನ್ನು ಒಂದು ಮಾತು ಕೇಳಿ, ರಿಪೇರಿ ಮಾಡಿದ ವಸ್ತುವಿನ ಮೇಲೇ ನಿಮ್ಮ ಸ್ಟಿಕ್ಕರ್ ಅಂಟಿಸಿ. ಕಾರ್ಡು ಯಾವುದೋ ಡ್ರಾಯರ್ ಸೇರುತ್ತದೆ. ಗೀಸರ್ ಕೆಟ್ಟ ದಿನ ಜನ ಮೊದಲು ನೋಡುವುದು ಗೀಸರನ್ನೇ. ಬರೀ ಹೆಸರು, ನಂಬರ್ ಇದ್ದರೆ ಅದು ಜಾಹೀರಾತು, ಕಿತ್ತು ಬಿಸಾಡುತ್ತಾರೆ. ತಾರೀಕು, ಮಾಡಿದ ಕೆಲಸ, ಮುಂದಿನ ಸರ್ವಿಸ್ ತಿಂಗಳು ಎಂದು ಮೂರು ಖಾಲಿ ಗೆರೆ ಬಿಟ್ಟು ಪ್ರಿಂಟ್ ಮಾಡಿಸಿ, ಅಲ್ಲೇ ಕೈಯಲ್ಲಿ ತುಂಬಿಸಿ: ‘ತುಕ್ಕು ತಡೆಯುವ ಆನೋಡ್ ರಾಡ್ ಬದಲಾಯಿಸಿದೆ, ಮುಂದಿನ ತಪಾಸಣೆ ನವೆಂಬರ್.’ ಆಗ ಅದು ಅವರಿಗೆ ಬೇಕಾದ ದಾಖಲೆ, ಇಟ್ಟುಕೊಳ್ಳುತ್ತಾರೆ. ಕಾಗದದ್ದು ಬಚ್ಚಲಿನ ಹಬೆಗೆ ವಾರದಲ್ಲೇ ಸುರುಟಿಕೊಳ್ಳುತ್ತದೆ. ಮ್ಯಾಟ್ ವಿನೈಲ್ (ಹೊಳಪಿಲ್ಲದ ಪ್ಲಾಸ್ಟಿಕ್) ಸ್ಟಿಕ್ಕರ್ ತೆಗೆದುಕೊಳ್ಳಿ, ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆಯಿರಿ. ಹೊಳಪಿನ ಲ್ಯಾಮಿನೇಶನ್ ಮೇಲೆ ಬಾಲ್ ಪೆನ್ ಹಿಡಿಯುವುದೇ ಇಲ್ಲ. ಅಂಟಿಸುವ ಜಾಗದ ಜಿಡ್ಡು ಒರೆಸಿ, ಪೂರ್ತಿ ಒಣಗಿಸಿ. ಕಂಪನಿಯ ಸೀರಿಯಲ್ ನಂಬರ್, ವಾರಂಟಿ ಲೇಬಲ್ ಮುಚ್ಚಬೇಡಿ, ಆಮೇಲೆ ಜಗಳ ನಿಮ್ಮ ತಲೆಗೇ. ನಲ್ಲಿ ಕೆಲಸವಾದರೆ ಸಿಂಕ್ ಕೆಳಗಿನ ಬಾಗಿಲ ಒಳಮೈ ಸರಿಯಾದ ಜಾಗ. ಬರೆದ ತಿಂಗಳು ಬಂದಾಗ ನೀವೇ ಒಂದು ವಾಟ್ಸಾಪ್ ಹಾಕಿ, ಅದಕ್ಕೆ ನಿಮ್ಮ ಪುಸ್ತಕದಲ್ಲೂ ಗುರುತು ಇರಲಿ. ಪೇಂಟಿಂಗ್, ಟೈಲ್ಸ್‌ನಂಥ ವರ್ಷಗಟ್ಟಲೆ ಮರಳಿ ಬಾರದ ಕೆಲಸಕ್ಕೆ ಇದು ಅಷ್ಟಾಗಿ ನಡೆಯದು. ಬಾಡಿಗೆ ಮನೆಯಲ್ಲಿ ರಿಪೇರಿಗೆ ಕರೆಸುವುದು ಮಾಲೀಕರಾದರೆ ಸ್ಟಿಕ್ಕರಿನ ಫೋಟೋ ತೆಗೆದು ಅವರಿಗೂ ಕಳಿಸಿ. ಫೋನ್ ನಂಬರ್ ಬದಲಾಯಿಸುವ ಯೋಚನೆ ಇದ್ದರಂತೂ ಅದನ್ನು ಮುಗಿಸಿಕೊಂಡೇ ಪ್ರಿಂಟ್‌ಗೆ ಕೊಡಿ.