ಹಿಂದಿನ ಡ್ಯಾಂಪರಿಗೆ ಕೈ ಎಟುಕುವಂತೆ ಮಾಡಿಕೊಂಡ ಬಗೆ

ಹೊಂದಾಣಿಕೆ ಮಾಡಬಹುದಾದ ಸಸ್ಪೆನ್ಷನ್ ಸೆಟ್ಟನ್ನು ನನ್ನ ಹ್ಯಾಚ್‌ಬ್ಯಾಕ್ ಕಾರಿಗೆ ಅಳವಡಿಸಿಕೊಂಡ ಮೊದಲ ವರ್ಷದಲ್ಲಿ ಮುಂದಿನ ಡ್ಯಾಂಪರುಗಳ (ಸ್ಪ್ರಿಂಗಿನ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರುಗಳ) ಬಿಗಿ ಬದಲಿಸುವ ನಾಬನ್ನು ಹತ್ತಾರು ಬಾರಿ ತಿರುಗಿಸಿದ್ದೆ, ಹಿಂದಿನವನ್ನು ಎರಡೇ ಬಾರಿ. ಮುಂದಿನ ಸ್ಟ್ರಟ್ಟಿನ, ಅಂದರೆ ಡ್ಯಾಂಪರೂ ಸ್ಪ್ರಿಂಗೂ ಸೇರಿದ ಕಂಬದ, ತಲೆ ಬಾನೆಟ್ ಎತ್ತಿದ ಕೂಡಲೇ ಕಾಣುತ್ತದೆ. ಹಿಂದಿನದು ಡಿಕ್ಕಿಯ ಪಕ್ಕದ ಪ್ಲಾಸ್ಟಿಕ್ ಹೊದಿಕೆಯೊಳಗೆ ಹುದುಗಿತ್ತು. ಅದನ್ನು ಮುಟ್ಟಬೇಕೆಂದರೆ ಡಿಕ್ಕಿ ಖಾಲಿ ಮಾಡಿ, ಹಿಂದಿನ ಸೀಟು ಮಡಚಿ, ಏಳು ಕ್ಲಿಪ್ಪುಗಳನ್ನು ಬಿಡಿಸಿ, ಹೊದಿಕೆಯನ್ನು ಒಂದು ಕೈಯಲ್ಲಿ ಬಗ್ಗಿಸಿ ಹಿಡಿದು ಇನ್ನೊಂದು ಕೈಯನ್ನು ಒಳಗೆ ತೂರಿಸಬೇಕಿತ್ತು. ಒಂದೊಂದು ಬದಿಗೂ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ಅಷ್ಟರಲ್ಲಿ ಬದಲಾವಣೆಗೆ ಮೊದಲಿನ ಓಟದಲ್ಲಿ ಕಾರು ಹೇಗೆ ನಡೆದುಕೊಂಡಿತೆಂಬ ನೆನಪೇ ಮಸುಕಾಗಿ, ಬದಲಾವಣೆಯಿಂದ ಆದದ್ದೇನು ಎಂದು ಹೋಲಿಸಿ ನೋಡಲು ಆಗುತ್ತಿರಲಿಲ್ಲ. ಹಾಗಾಗಿ ಹಿಂದಿನ ಚಕ್ರಗಳ ದೋಷವನ್ನೂ ಮುಂದಿನ ನಾಬಿನಿಂದಲೇ ಸರಿಪಡಿಸಲು ಹೊರಟು ಎರಡನ್ನೂ ಕೆಡಿಸಿಕೊಳ್ಳುತ್ತಿದ್ದೆ.

ಮೊದಲು ಮಾಡಿದ್ದು ಬಗ್ಗುವ ಕೇಬಲ್ ಜೋಡಿಸುವ ಪ್ರಯತ್ನ. ಅದರ ಒಂದು ತುದಿಯನ್ನು ಡ್ಯಾಂಪರಿನ ಹೊಂದಾಣಿಕೆ ಕಡ್ಡಿಗೆ ಸಣ್ಣ ಸ್ಕ್ರೂ ಬಿಗಿದು ಕೂರಿಸಿ, ಇನ್ನೊಂದು ತುದಿಯ ನಾಬನ್ನು ಹೊದಿಕೆಯ ಹೊರಗೆ ತರಬೇಕು. ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು, ನೋಡಲಿಕ್ಕೂ ಅಚ್ಚುಕಟ್ಟಾಗಿತ್ತು. ಆದರೆ ಎಡಬದಿಯಲ್ಲಿ ಕೇಬಲ್ ತೀರಾ ಇಕ್ಕಟ್ಟಾಗಿ ಬಾಗಿತ್ತು. ನಾಬನ್ನು ತಿರುಗಿಸಿದಾಗ ಮೊದಲು ಕೇಬಲ್ಲೇ ಹುರಿಗೊಂಡು, ಆಮೇಲೆ ಒಮ್ಮೆಗೇ ಬಿಟ್ಟುಕೊಂಡು ಎರಡು ಕ್ಲಿಕ್ (ನಾಬಿನ ಒಂದೊಂದು ಹಂತಕ್ಕೆ ಒಂದು ಕ್ಲಿಕ್) ಒಟ್ಟಿಗೆ ಹಾರುತ್ತಿತ್ತು. ಎರಡೂ ಬದಿಯನ್ನು ಎಂಟನೆಯ ಕ್ಲಿಕ್ಕಿಗೆ ಇಟ್ಟಿದ್ದೇನೆಂದು ನಂಬಿಕೊಂಡು ಎರಡು ವಾರ ಓಡಿಸಿದೆ. ಎಡ ತಿರುವಿನಲ್ಲೊಂದು ರೀತಿ, ಬಲ ತಿರುವಿನಲ್ಲಿ ಇನ್ನೊಂದು ರೀತಿ ವರ್ತಿಸುತ್ತಿದ್ದ ಕಾರಿನ ಟೈರುಗಳ ಮೇಲೆ ಅನುಮಾನಪಟ್ಟೆ. ಕೊನೆಗೆ ಹೊದಿಕೆ ಬಿಚ್ಚಿ ಕೇಬಲ್ ಕಳಚಿ ಎಣಿಸಿದರೆ ಬಲಗಡೆ ಎಂಟು, ಎಡಗಡೆ ಐದು! ಬಾಗು ದೊಡ್ಡದಾಗಿರುವ ಕಡೆ ಕೇಬಲ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕ್ಲಿಕ್ಕನ್ನು ಬೆರಳಿನಿಂದ ಗುರುತಿಸಲಾಗದ ಜೋಡಣೆ ಇದ್ದೂ ಇಲ್ಲದಂತೆ ಎಂಬುದು ಅಂದಿನಿಂದ ನನ್ನ ಅಭಿಪ್ರಾಯ.

ಹಾಗಾಗಿ ಕೇಬಲ್ಲನ್ನು ಬಿಟ್ಟು, ಹೊದಿಕೆಯಲ್ಲಿಯೇ ನಾಬಿನ ನೇರಕ್ಕೆ ಒಂದು ತೂತು ಮಾಡಲು ನಿರ್ಧರಿಸಿದೆ. ಇಲ್ಲಿ ಕಷ್ಟವೆಂದರೆ ತೂತು ಎಲ್ಲಿ ಬರಬೇಕೆಂದು ತಿಳಿಯುವುದು, ಏಕೆಂದರೆ ಹೊದಿಕೆ ಕೂತಾಗ ನಾಬ್ ಕಾಣುವುದಿಲ್ಲ, ನಾಬ್ ಕಂಡಾಗ ಹೊದಿಕೆ ತನ್ನ ಜಾಗದಲ್ಲಿರುವುದಿಲ್ಲ. ಅಳತೆಪಟ್ಟಿಯಲ್ಲಿ ಎರಡು ಬಾರಿ ಅಳೆದು ಎರಡು ಬೇರೆ ಉತ್ತರ ಪಡೆದ ಮೇಲೆ ಸುಲಭವಾದ ಉಪಾಯವೊಂದು ಹೊಳೆಯಿತು. ನಾಬನ್ನು ತೆಗೆದು, ಅದರ ಕಡ್ಡಿಗೆ ತಕ್ಕಷ್ಟು ಉದ್ದದ ಮರದ ಚೂರೊಂದನ್ನು ಸಿಕ್ಕಿಸಿ, ಅದರ ತುದಿಗೆ ಒಂದು ಹನಿ ಬಿಳಿ ಬಣ್ಣ ಹಚ್ಚಿದೆ. ಹೊದಿಕೆಯನ್ನು ಕ್ಲಿಪ್ಪಿನ ಗುರುತಿಗೆ ಸರಿಯಾಗಿ ಹಿಡಿದು ಒಮ್ಮೆ ಒತ್ತಿ ಹಿಂತೆಗೆದಾಗ ಒಳಮೈಯಲ್ಲಿ ಬಿಳಿ ಚುಕ್ಕೆ ಮೂಡಿತ್ತು. ಹೊದಿಕೆಯನ್ನು ಪೂರ್ತಿ ಹೊರಗೆ ತೆಗೆದು, ಚುಕ್ಕೆಯ ಮೇಲೆ ಸಣ್ಣ ತೂತು ಹಾಕಿ, ಹೊರಮೈಗೆ ಅಂಟುಪಟ್ಟಿ ಹಚ್ಚಿ, ಡ್ರಿಲ್ಲಿಗೆ ಸಿಕ್ಕಿಸುವ ದುಂಡು ಗರಗಸವಾದ ಹೋಲ್ ಸಾದಿಂದ 40 ಮಿ.ಮೀ. ವ್ಯಾಸದಲ್ಲಿ ನಿಧಾನವಾಗಿ ಕೊರೆದೆ. ಡ್ರಿಲ್ ವೇಗ ಹೆಚ್ಚಾದರೆ ಪ್ಲಾಸ್ಟಿಕ್ ಕತ್ತರಿಸುವುದಿಲ್ಲ, ಕರಗಿ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಹೊದಿಕೆ ಕಾರಿನಲ್ಲಿ ಇದ್ದಾಗಲೇ ಕೊರೆಯುವುದು ಖಂಡಿತ ಬೇಡ, ಹಿಂದೆ ಸೀಟ್‌ಬೆಲ್ಟೂ ದೀಪದ ವೈರುಗಳೂ ಹಾದುಹೋಗಿರುತ್ತವೆ. ತೂತಿನ ಅಂಚಿಗೆ ರಬ್ಬರ್ ಸುತ್ತು ಕೂರಿಸಿ, ಬಾಯಿಗೆ ರಬ್ಬರ್ ಮುಚ್ಚಳ ಹಾಕಿದ ಮೇಲೆ, ಇಪ್ಪತ್ತು ನಿಮಿಷದ ಕೆಲಸ ಅರ್ಧ ನಿಮಿಷಕ್ಕೆ ಇಳಿಯಿತು.

ಎತ್ತರದ ಹೊಂದಾಣಿಕೆ ಬೇರೆಯದೇ ತಾಪತ್ರಯ. ನನ್ನ ಕಾರಿನ ಹಿಂದಿನ ಸ್ಪ್ರಿಂಗು ಡ್ಯಾಂಪರಿನ ಸುತ್ತ ಇಲ್ಲ, ಚಕ್ರವನ್ನು ಹಿಡಿದಿರುವ ಕೆಳತೋಳಿನ ಮಧ್ಯದಲ್ಲಿ ಪ್ರತ್ಯೇಕವಾಗಿ ಕೂತಿದೆ. ಅದರ ಉಕ್ಕಿನ ಥ್ರೆಡ್ಡಿನ ಮೇಲೆ ಅಲ್ಯೂಮಿನಿಯಂ ಕಾಲರ್, ಅಂದರೆ ತಿರುಗಿಸಿ ಎತ್ತರ ಬದಲಿಸುವ ಬಳೆ; ನೀರು ಕೆಸರು ಸೇರಿದರೆ ಈ ಎರಡು ಲೋಹಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಒಮ್ಮೆ ಹಾಗೆ ಕಚ್ಚಿಕೊಂಡ ಕಾಲರನ್ನು ಸುತ್ತಿಗೆಯಿಂದ ಬಡಿದು ಪಾನಾ ಸಿಕ್ಕಿಸುವ ಅದರ ಕಚ್ಚುಗಳನ್ನೇ ಮುರಿದುಕೊಂಡೆ. ಈಗ ಥ್ರೆಡ್ಡನ್ನು ನೈಲಾನ್ ಬ್ರಷ್ಷಿನಿಂದ ಉಜ್ಜಿ, ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಝ್ ಲೇಪವನ್ನು ತೆಳುವಾಗಿ ಸವರಿ, ಬಳಕೆಯಲ್ಲಿಲ್ಲದ ಭಾಗಕ್ಕೆ ಹಳೆಯ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದೇನೆ. ಎತ್ತರ ಬದಲಿಸುವಾಗ ಕಾರನ್ನು ಬರಿಯ ಜ್ಯಾಕ್ ಮೇಲೆ ನಿಲ್ಲಿಸದೆ ಸ್ಟ್ಯಾಂಡಿನ ಮೇಲೆ ಇಳಿಸಿ, ಚಕ್ರ ಪೂರ್ತಿ ಜೋತುಬಿದ್ದು ಸ್ಪ್ರಿಂಗಿನ ಮೇಲಿನ ಭಾರ ಹೋದ ಮೇಲಷ್ಟೇ ಕಾಲರನ್ನು ತಿರುಗಿಸುತ್ತೇನೆ. ಆಗ ಪಾನಾದ ಮೇಲೆ ಬಲ ಹಾಕುವ ಅಗತ್ಯವೇ ಬೀಳುವುದಿಲ್ಲ.

ಸ್ಪ್ರಿಂಗು ಚಕ್ರಕ್ಕಿಂತ ಒಳಗೆ ಇರುವುದರಿಂದ ಕಾಲರಿನ ಒಂದು ಮಿಲಿಮೀಟರ್ ಚಕ್ರದಲ್ಲಿ ಒಂದು ಮಿಲಿಮೀಟರ್ ಆಗುವುದಿಲ್ಲ. ಚಕ್ರವನ್ನು 30 ಮಿ.ಮೀ. ಎತ್ತಿದಾಗ ನನ್ನ ಸ್ಪ್ರಿಂಗು 21 ಮಿ.ಮೀ. ಕುಗ್ಗಿತು, ಅಂದರೆ ಅನುಪಾತ 0.7. ಥ್ರೆಡ್ಡಿನ ಒಂದು ಸುತ್ತು 2 ಮಿ.ಮೀ. ಆದ್ದರಿಂದ ಕಾಲರನ್ನು ಒಂದು ಸುತ್ತು ತಿರುಗಿಸಿದರೆ ಕಾರು ಸುಮಾರು 3 ಮಿ.ಮೀ. ಏಳುತ್ತದೆ ಅಥವಾ ಇಳಿಯುತ್ತದೆ. ಬಿಗಿತಕ್ಕೆ ಈ ಅನುಪಾತದ ವರ್ಗ (0.7 × 0.7 = 0.49) ಅನ್ವಯಿಸುವುದರಿಂದ ಚಕ್ರಕ್ಕೆ ಸಿಗುವುದು ಸ್ಪ್ರಿಂಗಿನ ಬಿಗಿತದ ಅರ್ಧದಷ್ಟು ಮಾತ್ರ. ಇದು ತಿಳಿಯುವ ಮೊದಲು ಮುಂದೆ ಹಿಂದೆ ಒಂದೇ ಲೆಕ್ಕದಲ್ಲಿ ಸುತ್ತು ಹಾಕಿ, ಕಾರಿನ ಹಿಂಭಾಗ ಏಕೆ ಮಾತು ಕೇಳುವುದಿಲ್ಲವೆಂದು ತಲೆಕೆಡಿಸಿಕೊಂಡಿದ್ದೆ. ಎತ್ತರ ಬದಲಿಸಿದ ಮೇಲೆ ಕಾರನ್ನು ಹತ್ತಡಿ ಮುಂದಕ್ಕೂ ಹಿಂದಕ್ಕೂ ಉರುಳಿಸಿ, ಟೈರುಗಳು ಸಹಜವಾಗಿ ಕೂತ ನಂತರವೇ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯುತ್ತೇನೆ. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುವುದರಿಂದ ಅಲೈನ್‌ಮೆಂಟ್ ಮತ್ತೆ ಮಾಡಿಸಲೇಬೇಕು.

ಡ್ಯಾಂಪರಿನ ಕ್ಲಿಕ್ಕುಗಳನ್ನು ನಾನು ಯಾವಾಗಲೂ ಪೂರ್ತಿ ಬಿಗಿಯಾದ ತುದಿಯಿಂದ ಹಿಂದಕ್ಕೆ ಎಣಿಸುತ್ತೇನೆ. ಒಳಗಿರುವುದು ಎಣ್ಣೆಯ ಹರಿವನ್ನು ನಿಯಂತ್ರಿಸುವ ಸೂಜಿಯಂಥ ಕವಾಟ. ಮುಚ್ಚಿದ ಸ್ಥಿತಿಯೇ ಖಚಿತವಾದ ಗುರುತು, ತೆರೆದ ತುದಿಯಲ್ಲಿ ಅಂಥ ಖಚಿತತೆ ಇರುವುದಿಲ್ಲ. ತುದಿ ಮುಟ್ಟಿತೆಂದು ಬೆರಳಿಗೆ ತಿಳಿದ ಕೂಡಲೇ ನಿಲ್ಲಿಸಬೇಕು, ಒತ್ತಿ ಬಿಗಿದರೆ ಸೂಜಿ ಹಾಳಾಗುತ್ತದೆ. ಬಿಗಿ ತುದಿಯ ಬಳಿ ಒಂದೊಂದು ಕ್ಲಿಕ್ಕಿನ ವ್ಯತ್ಯಾಸವೂ ಸ್ಪಷ್ಟವಾಗಿ ಗೊತ್ತಾದರೆ, ಸಡಿಲ ತುದಿಯ ಕಡೆ ಮೂರು ನಾಲ್ಕು ಕ್ಲಿಕ್ ತಿರುಗಿಸಿದರೂ ಏನೂ ತಿಳಿಯುವುದಿಲ್ಲ.

ನನ್ನ ನಾಬ್ ಮುಖ್ಯವಾಗಿ ರೀಬೌಂಡನ್ನು, ಅಂದರೆ ಕುಗ್ಗಿದ ಸ್ಪ್ರಿಂಗು ಮತ್ತೆ ಹಿಗ್ಗುವ ವೇಗವನ್ನು, ನಿಯಂತ್ರಿಸುತ್ತದೆ. ಒಂದೇ ರಸ್ತೆಯ ಒಂದೇ ಉಬ್ಬನ್ನು ಒಂದೇ ವೇಗದಲ್ಲಿ ದಾಟಿ, ಪಕ್ಕಕ್ಕೆ ನಿಲ್ಲಿಸಿ, ರಬ್ಬರ್ ಮುಚ್ಚಳ ತೆಗೆದು ಎರಡು ಕ್ಲಿಕ್ ಬದಲಿಸಿ ಮತ್ತೆ ದಾಟುವುದು ನನ್ನ ಪದ್ಧತಿ. ಉಬ್ಬು ದಾಟಿದ ಮೇಲೆ ಹಿಂಭಾಗ ಎರಡು ಮೂರು ಬಾರಿ ತೂಗಿದರೆ ಬಿಗಿ ಸಾಲದು. ಬಿಗಿ ಅತಿಯಾದರೆ ಸಾಲು ಉಬ್ಬುಗಳ ಮೇಲೆ ಸ್ಪ್ರಿಂಗು ಹಿಗ್ಗಲು ಸಮಯ ಸಿಗದೆ, ಉಬ್ಬಿನಿಂದ ಉಬ್ಬಿಗೆ ಕಾರು ಕೆಳಗಿಳಿಯುತ್ತಾ ಹೋಗಿ ಒರಟಾಗಿ ಬಡಿಯತೊಡಗುತ್ತದೆ. ಹಳೆಯ ದಿನಗಳಲ್ಲಿ ಇದನ್ನೇ ನಾನು ಸ್ಪ್ರಿಂಗು ಗಟ್ಟಿಯಾಯಿತೆಂದು ತಪ್ಪು ತಿಳಿದಿದ್ದೆ. ಶುರು ಮಾಡುವ ಮುನ್ನ ಟೈರಿನ ಗಾಳಿ ನೋಡಿಕೊಳ್ಳುತ್ತೇನೆ, ಡ್ಯಾಂಪರಿನ ಎಣ್ಣೆ ಬೆಚ್ಚಗಾಗುವವರೆಗೆ ಸ್ವಲ್ಪ ದೂರ ಓಡಿಸುತ್ತೇನೆ.

ಬಿಳಿ ಚುಕ್ಕೆ ಮೂಡಿದ ದಿನವೇ ಡಿಕ್ಕಿಯೊಳಗೆ ಚಿಕ್ಕ ಪುಸ್ತಕವೊಂದನ್ನು ಪೆನ್ಸಿಲ್ ಸಮೇತ ಕಟ್ಟಿಟ್ಟೆ. ಅದರ ಕೊನೆಯ ಸಾಲಿನಲ್ಲಿ ಹಿಂದಿನ ಎಡ 9, ಬಲ 9 ಎಂದಿದೆ. ಆರು ತಿಂಗಳಿಗೊಮ್ಮೆ ಎರಡನ್ನೂ ಪೂರ್ತಿ ಬಿಗಿದು, ಮತ್ತೆ ಎಣಿಸುತ್ತಾ ಅದೇ ಒಂಬತ್ತಕ್ಕೆ ಬಿಡುತ್ತೇನೆ.